ವೃದ್ಧಾಶ್ರಮಗಳಲ್ಲಿ ಕ್ಯಾಥೆಟರ್ ಸೋಂಕು ತಡೆಯಲು ಕ್ರಮ ಕೋರಿ ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಬೆಂಗಳೂರು ಗ್ರಾಮಾಂತರ ಜಿಲ್ಲೆ.

ವಿಷಯ: ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳ ವೃದ್ಧಾಶ್ರಮ ನಿವಾಸಿಗಳ ಕ್ಯಾಥೆಟರ್ ಆರೈಕೆ ಕುರಿತು.

ಮಾನ್ಯರೇ,

ಮೂತ್ರ ಕಟ್ಟಿದಾಗ ಅದನ್ನು ಹೊರತರಲು ಮೂತ್ರಕೋಶಕ್ಕೆ ತೂರಿಸಿ, ತುದಿಯ ಪುಟ್ಟ ಬಲೂನನ್ನು ನೀರಿನಿಂದ ಉಬ್ಬಿಸಿ ನಿಲ್ಲಿಸುವ ನಳಿಕೆಯೇ ಕ್ಯಾಥೆಟರ್. ಅದು ಒಳಗಿರುವ ಪ್ರತಿದಿನವೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಂಭವ ಶೇ. 3ರಿಂದ 7ರಷ್ಟಿದ್ದು, ತಿಂಗಳು ಕಳೆಯುವಷ್ಟರಲ್ಲಿ ಬಹುತೇಕ ಎಲ್ಲರಲ್ಲೂ ಅವು ನೆಲೆಯೂರಿರುತ್ತವೆ; ನಳಿಕೆಯ ಮೈಗೆ ಬಯೋಫಿಲ್ಮ್ ಎಂಬ ಲೋಳೆಪದರ ಕಟ್ಟಿಕೊಂಡು ಉಳಿಯುವುದರಿಂದ ಆಂಟಿಬಯೋಟಿಕ್‌ಗಳಿಗೂ ಅವು ಸುಲಭವಾಗಿ ಬಗ್ಗುವುದಿಲ್ಲ. ಹಾಸಿಗೆ ಒದ್ದೆಯಾಗದಿರಲೆಂಬ ಅನುಕೂಲಕ್ಕಷ್ಟೇ ನಳಿಕೆ ಹಾಕಿಡುವುದು ಈ ಕಾರಣಕ್ಕಾಗಿಯೇ ಅಕ್ಷಮ್ಯ.

ಚಿಕಿತ್ಸೆ ನೀಡುವ ನರ್ಸಿಂಗ್ ಹೋಂಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ನೋಂದಣಿಯಾಗುತ್ತವೆ. ವೃದ್ಧಾಶ್ರಮಗಳ ವಿಷಯ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಸೇರಿದ್ದು. ಆಸ್ಪತ್ರೆಯಿಂದ ನಳಿಕೆಯೊಡನೆ ಮರಳಿದ ವೃದ್ಧರ ಆರೈಕೆ ತರಬೇತಿಯಿಲ್ಲದ ಆಯಾಗಳ ಪಾಲಿಗೆ ಬಿದ್ದಾಗ ಅದು ಈ ಎರಡು ವ್ಯವಸ್ಥೆಗಳ ನಡುವೆ ಕಳೆದುಹೋಗುತ್ತದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರಾಗಿರುವುದರಿಂದ ಈ ಕಂದಕವನ್ನು ಮುಚ್ಚುವ ಅಧಿಕಾರವೂ ಅವರ ಕೈಯಲ್ಲೇ ಇದೆ.

ಆದ್ದರಿಂದ, ಕ್ಯಾಥೆಟರ್ ಏಕೆ ಹಾಕಲಾಯಿತು, ಎಂದು ತೆಗೆಯಬೇಕು ಅಥವಾ ಬದಲಿಸಬೇಕು ಎಂಬುದನ್ನು ಡಿಸ್ಚಾರ್ಜ್ ಪತ್ರದಲ್ಲಿ ಬರೆಯುವಂತೆ ಎಲ್ಲ ಆಸ್ಪತ್ರೆಗಳಿಗೂ ಸುತ್ತೋಲೆ ಹೊರಡಿಸಬೇಕು. ತಾಲ್ಲೂಕು ಆಸ್ಪತ್ರೆಗಳ ಶುಶ್ರೂಷಾಧಿಕಾರಿಗಳಿಂದ ಆಯಾಗಳಿಗೆ ತರಬೇತಿ ಕೊಡಿಸಬೇಕು: ಮುಟ್ಟುವ ಮುನ್ನವೂ ನಂತರವೂ ಕೈ ತೊಳೆಯುವುದು, ನಳಿಕೆ ಮತ್ತು ಚೀಲದ ಜೋಡಣೆಯನ್ನು ವಿನಾಕಾರಣ ಬಿಚ್ಚದಿರುವುದು, ಚೀಲವನ್ನು ಸದಾ ಮೂತ್ರಕೋಶಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ತೂಗುಹಾಕುವುದು, ಅದು ತುಂಬಿ ತುಳುಕುವ ಮೊದಲೇ ಪ್ರತಿಯೊಬ್ಬರಿಗೂ ಮೀಸಲಾದ ಪಾತ್ರೆಗೆ ಖಾಲಿ ಮಾಡುವುದು. ಒಂದೇ ಪಾತ್ರೆಯನ್ನು ಹಾಸಿಗೆಯಿಂದ ಹಾಸಿಗೆಗೆ ಒಯ್ಯುವುದೆಂದರೆ ಸೋಂಕನ್ನೇ ಹಂಚಿದಂತೆ. ಮೂತ್ರದ್ವಾರದ ನಿತ್ಯ ಶುಚಿತ್ವಕ್ಕೆ ಸಾಬೂನು, ನೀರು ಸಾಕು.

ಮೂತ್ರ ಕಲಕಿದೆ, ವಾಸನೆಯಿದೆ ಎಂಬಷ್ಟಕ್ಕೇ ಆಂಟಿಬಯೋಟಿಕ್ ಕೊಡುವ ರೂಢಿಯನ್ನು ನಿಲ್ಲಿಸಬೇಕು. ಅದು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತದೆ. ಜ್ವರ, ಚಳಿನಡುಕ, ಪಕ್ಕೆನೋವು ಅಥವಾ ಹಠಾತ್ ಮಂಕು ಕಂಡರೆ ತಡಮಾಡದೆ ವೈದ್ಯರನ್ನು ಕರೆಸಬೇಕು. ಬಹುಕಾಲದಿಂದಿರುವ ನಳಿಕೆಯಾದರೆ ಅದನ್ನು ಬದಲಿಸಿದ ಬಳಿಕವೇ ಕಲ್ಚರ್ ಪರೀಕ್ಷೆಗೆ ಮೂತ್ರ ಪಡೆಯಬೇಕು. ಬಳಸಿದ ನಳಿಕೆ, ಚೀಲಗಳು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಕೆಂಪು ಚೀಲಕ್ಕೆ ಸೇರತಕ್ಕವು. ವೃದ್ಧಾಶ್ರಮಗಳಿಂದ ಅವುಗಳ ಸಂಗ್ರಹಕ್ಕೂ ಏರ್ಪಾಡು ಆಗಬೇಕು.

ಆರೋಗ್ಯ ಇಲಾಖೆ ಮತ್ತು ಹಿರಿಯ ನಾಗರಿಕರ ಇಲಾಖೆಗಳ ಜಂಟಿ ತಪಾಸಣೆಗೆ ಆದೇಶಿಸಿ, ನಾಲ್ಕೂ ತಾಲ್ಲೂಕುಗಳ ವರದಿಯನ್ನು ತರಿಸಿಕೊಳ್ಳಬೇಕೆಂದು ಕೋರಲಾಗಿದೆ.

ತಮ್ಮ ವಿಶ್ವಾಸಿಗಳು,
ವೃದ್ಧಾಶ್ರಮ ನಿವಾಸಿಗಳ ಕುಟುಂಬದವರು