ಡಬ್ಬಿಯ ಬೇಟೆ, ಬೇರಿನ ಬೆಲೆ

2000ದ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರ್ಕಾರವು ಜಿಪಿಎಸ್ ಸಂಕೇತಗಳಲ್ಲಿ ತಾನೇ ಬೆರೆಸಿದ್ದ ದೋಷವನ್ನು ತೆಗೆದುಹಾಕಿತು. ಮೇ 3ರಂದು ಡೇವ್ ಅಲ್ಮರ್ ಎಂಬವರು ಒರೆಗಾನ್ ರಾಜ್ಯದಲ್ಲಿ ಬಕೆಟ್ಟೊಂದನ್ನು ಅಡಗಿಸಿಟ್ಟು, ಅದರ ಅಕ್ಷಾಂಶ-ರೇಖಾಂಶಗಳನ್ನು ಪ್ರಕಟಿಸಿದರು. ಹೀಗೆ ಹುಟ್ಟಿದ ‘ಜಿಯೋಕ್ಯಾಶಿಂಗ್’ ಇಂದು ಜಗತ್ತನ್ನೇ ವ್ಯಾಪಿಸಿದೆ. ಅಡಗಿಸಿದ ಡಬ್ಬಿಯನ್ನು ಹುಡುಕುವುದು, ಒಳಗಿನ ಕಾಗದದಲ್ಲಿ ಹೆಸರು ಬರೆದು ಮತ್ತೆ ಅಲ್ಲಿಯೇ ಇಡುವುದು, ಇಷ್ಟೇ ಆಟ. ಮೇಲ್ನೋಟಕ್ಕೆ ನಿರುಪದ್ರವಿ. ಆದರೆ ಮರದ ಕಡೆಯಿಂದ ಈ ಆಟವನ್ನು ನೋಡಿದವರೆಷ್ಟು ಮಂದಿ?

ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಪಶ್ಚಿಮಕ್ಕೆ ವೈತಾಕೆರೆ ಬೆಟ್ಟಸಾಲಿದೆ. ಅಲ್ಲಿನ ಕಾಲುದಾರಿಗಳು ಕೌರಿ ಮರಗಳ ನಡುವೆ ಹಾದು ಕಪ್ಪು ಮರಳಿನ ಕಡಲತೀರಕ್ಕಿಳಿಯುತ್ತವೆ. ಸಾವಿರ ವರ್ಷ ದಾಟಿ ಬದುಕಬಲ್ಲ ಈ ಸ್ಥಳೀಯ ವೃಕ್ಷವನ್ನು ಕೊಲ್ಲುತ್ತಿರುವುದು ‘ಫೈಟಾಫ್ತೊರಾ ಅಗಾಥಿಡಿಸೈಡಾ’ ಎಂಬ ಸೂಕ್ಷ್ಮಜೀವಿ. ಅಡಿಕೆ ಬೆಳೆಗಾರರಿಗೆ ಈ ಕುಲ ಅಪರಿಚಿತವಲ್ಲ. ಮಳೆಗಾಲದಲ್ಲಿ ತೋಟವನ್ನು ಕಾಡುವ ಕೊಳೆರೋಗಕ್ಕೆ ಕಾರಣ ಇದರ ದಾಯಾದಿಯೇ. ಅಡಿಕೆಗೆ ಬೋರ್ಡೋ ದ್ರಾವಣವುಂಟು. ಕೌರಿಗೆ ಹಾಗಲ್ಲ. ಫಾಸ್ಫೈಟ್ ಚುಚ್ಚುಮದ್ದು ರೋಗದ ವೇಗವನ್ನು ತಗ್ಗಿಸಬಹುದೇ ಹೊರತು ಸೋಂಕನ್ನು ನಿರ್ಮೂಲ ಮಾಡದು. ಬೂಟಿಗಂಟಿದ ಚಿಟಿಕೆ ಮಣ್ಣು ಸಾಕು, ರೋಗ ಹೊಸ ಮರದ ಬುಡ ಸೇರಲು.

2017ರ ಡಿಸೆಂಬರಿನಲ್ಲಿ ಆ ನೆಲದ ಮಾವೊರಿ ಸಮುದಾಯವಾದ ತೆ ಕವೆರಾವು ಆ ಮಾಕಿಯು ಕಾಡಿಗೆ ‘ರಾಹುಯಿ’ ಎಂಬ ಸಾಂಪ್ರದಾಯಿಕ ನಿರ್ಬಂಧ ವಿಧಿಸಿತು. ದೇವರಕಾಡಿನ ಕಟ್ಟುಪಾಡನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಆಕ್ಲೆಂಡಿನ ನಗರಾಡಳಿತ ಅರಣ್ಯದ ದಾರಿಗಳನ್ನು ಮುಚ್ಚಿದ್ದು 2018ರಲ್ಲಿ. ಆ ಬಳಿಕ ದುರಸ್ತಿಗೊಂಡ ದಾರಿಗಳಷ್ಟೇ ಹಂತಹಂತವಾಗಿ ತೆರೆದುಕೊಂಡವು. ಅಲ್ಲಿಯೂ ಬೂಟು ತೊಳೆದೇ ಕಾಲಿಡಬೇಕು, ದಾರಿ ಬಿಟ್ಟು ಕದಲಕೂಡದು.

ಈ ರೋಗವನ್ನು ತಂದವರು ಡಬ್ಬಿ ಹುಡುಕುವವರೇ ಎನ್ನುವುದು ಅನ್ಯಾಯವಾದೀತು. ಕಾಡುಹಂದಿಗಳೂ ಮಣ್ಣನ್ನು ಹೊತ್ತೊಯ್ಯುತ್ತವೆ, ಚಾರಣಿಗರೂ ಹೊತ್ತೊಯ್ಯುತ್ತಾರೆ. ಆಟದ ನಿಯಮಗಳೂ ನೆಲ ಅಗೆಯುವುದನ್ನು ನಿಷೇಧಿಸುತ್ತವೆ, ಭೂಮಾಲಿಕರ ಅನುಮತಿ ಕೇಳುತ್ತವೆ. ಆಟಗಾರರು ಕಸ ಹೆಕ್ಕುವ ಅಭಿಯಾನ ನಡೆಸುವುದೂ ನಿಜ. ಆದರೆ ಚಾರಣಿಗನಿಗೆ ದಾರಿಯೇ ಸಾಕು. ಈ ಆಟ ದಾರಿ ಬಿಟ್ಟು ಬುಡಕ್ಕೆ ಬಾ ಎಂದು ಕರೆಯುತ್ತದೆ. ದಟ್ಟ ಎಲೆಚಪ್ಪರದಡಿ ಉಪಕರಣ ಹಲವು ಮೀಟರುಗಳಷ್ಟು ತಪ್ಪುತ್ತದೆ. ಆ ತಪ್ಪನ್ನು ತುಂಬುವುದು ಹುಡುಕುವವನ ಪಾದ. ಒಬ್ಬನ ನಂತರ ಇನ್ನೊಬ್ಬ ಸುತ್ತಿ ಸುತ್ತಿ ಹೊಸ ಕಾಲುದಾರಿಯೇ ಮೂಡುತ್ತದೆ. ಕೌರಿಯ ಉಣ್ಣುವ ಬೇರುಗಳಿರುವುದು ನೆಲದ ಮೇಲ್ಪದರದಲ್ಲಿಯೇ!

ಯುವಜನರನ್ನು ಕಾಡಿಗೆ ಕರೆತರುವ ಆಟವಲ್ಲವೇ ಎಂಬ ವಾದವಿದೆ. ಬರಲಿ. ಆದರೆ ಡಬ್ಬಿ ಸಿಕ್ಕೊಡನೆ ಮುಗಿಯುವ ಕುತೂಹಲವು ಮರದ ಹೆಸರನ್ನಾದರೂ ಕೇಳಿತೇ? ಡಬ್ಬಿಯೇ ಇಲ್ಲದೆ, ಸ್ಥಳವನ್ನು ನೋಡಿ ಪ್ರಶ್ನೆಗಳಿಗೆ ಉತ್ತರಿಸುವ ಬಗೆಯೂ ಇದೇ ಆಟದಲ್ಲಿದೆ. ಸ್ಥಳೀಯ ವೃಕ್ಷಗಳ ಕಾಡಿನಲ್ಲಿ ಅದೊಂದೇ ಸಲ್ಲಬೇಕು, ಅದೂ ದಾರಿಯ ಮೇಲೆ ನಿಂತು.

ಘಟ್ಟದ ಕಾಡುಗಳಲ್ಲಿ ಮೊಬೈಲು ಹಿಡಿದು ನಡೆಯುವ ವಿದ್ಯಾರ್ಥಿಗಳು ಇದನ್ನು ನೆನಪಿಡಲಿ: ಕಾಡಿನಲ್ಲಿ ಅಡಗಿಸಿಡಬೇಕಾದ ನಿಧಿ ಯಾವುದೂ ಇಲ್ಲ. ನಿಧಿ ಕಣ್ಣೆದುರಿಗೇ ನಿಂತಿದೆ. ಅದರ ಬೇರನ್ನು ತುಳಿಯದಿದ್ದರೆ ಸಾಕು.