ಅರ್ಧ ಮಾತ್ರೆಯ ಸಾಕ್ಷಿ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಎಷ್ಟೋ ಮನೆಗಳಲ್ಲಿ ಬಿ.ಪಿ., ಶುಗರ್ ಮಾತ್ರೆಗಳ ಡಬ್ಬಿಯೊಳಗೆ ಒಂದು ಖಾನೆ ‘ಅರ್ಧ ಮಾತ್ರೆ’ಗೆ ಮೀಸಲು. ಅದರ ಹೆಸರನ್ನು ಯಾರೂ ಹೇಳುವುದಿಲ್ಲ. ‘ರಾತ್ರಿ ಅರ್ಧ ತಗೊಂಡ್ಯಾ?’ ಎಂದರೆ ಸಾಕು. ಮಕ್ಕಳು ಅಮೆರಿಕದಲ್ಲಿ, ಹಳೆಯ ಮನೆಯಲ್ಲಿ ಹಿರಿಯರಿಬ್ಬರೇ. ಯಜಮಾನರ ಆಪರೇಷನ್ ಹೊತ್ತಿನಲ್ಲಿ ಹತ್ತು ದಿನಕ್ಕೆಂದು ಬರೆಸಿಕೊಂಡ ಮಾತ್ರೆ ಹತ್ತು ವರ್ಷವಾದರೂ ಮುಗಿದಿರುವುದಿಲ್ಲ. ಕೇಳಿದರೆ ಸಿಗುವ ಉತ್ತರ ಒಂದೇ: ‘ಒಂದಿನ ಬಿಟ್ಟು ನೋಡಿದೆ. ಕಣ್ಣೇ ಹತ್ತಲಿಲ್ಲ, ಎದೆ ಡವಡವ. ನನಗೆ ಅದು ಬೇಕೇ ಬೇಕು.’

ಆ ರಾತ್ರಿಯ ಸಂಕಟ ನಿಜ. ಅದರಿಂದ ತೆಗೆದ ತೀರ್ಮಾನ ಮಾತ್ರ ತಪ್ಪು.

ಆ ಖಾನೆಯಲ್ಲಿ ಸಿಗುವ ಆಲ್‌ಪ್ರಜೋಲಮ್, ಕ್ಲೊನಜೆಪಮ್, ಡಯಜೆಪಮ್ ಎಲ್ಲವೂ ಬೆಂಜೊಡಯಜೆಪೈನ್ ಎಂಬ ಒಂದೇ ಕುಲದವು. ಮಿದುಳಿನಲ್ಲಿ ನರಗಳ ಗದ್ದಲವನ್ನು ಅಡಗಿಸುವ ಗ್ಯಾಬಾ ಎಂಬ ರಾಸಾಯನಿಕಕ್ಕೆ ಇವು ಒತ್ತಾಸೆ ಕೊಡುತ್ತವೆ. ಆ ಒತ್ತಾಸೆ ವಾರಗಟ್ಟಲೆ ಸಿಕ್ಕರೆ ಮಿದುಳು ಅದಕ್ಕೇ ಒಗ್ಗಿಕೊಳ್ಳುತ್ತದೆ. ಆಮೇಲೆ ಮಾತ್ರೆ ತಪ್ಪಿದ ರಾತ್ರಿ ನಿದ್ದೆಗೇಡು, ನಡುಕ, ಬೆವರು, ಗಾಬರಿ ಮೊದಲಿಗಿಂತ ಜೋರಾಗಿ ನುಗ್ಗುತ್ತವೆ. ಇದರಲ್ಲಿ ಹಳೆಯ ಆತಂಕದ ಪಾಲೆಷ್ಟು, ಮಾತ್ರೆಯೇ ಹುಟ್ಟಿಸಿದ್ದೆಷ್ಟು ಎಂದು ಮಲಗಿದವರಿಗೆ ತಿಳಿಯುವುದು ಹೇಗೆ? ಎರಡರ ಮುಖವೂ ಒಂದೇ. ಹಾಗಾಗಿ ಮಾತ್ರೆ ತಂದಿಟ್ಟ ಸಂಕಟವೇ ಮಾತ್ರೆ ಬೇಕೆನ್ನುವುದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ.

ಇದೇನೂ ಹೊಸ ಸಂಗತಿಯಲ್ಲ. ರೋಶ್ ಕಂಪನಿಯ ವಿಜ್ಞಾನಿ ಲಿಯೊ ಸ್ಟರ್ನ್‌ಬಾಕ್ ಅವರ ಶೋಧದಿಂದ 1963ರಲ್ಲಿ ಡಯಜೆಪಮ್ ‘ವ್ಯಾಲಿಯಂ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹೆದರ್ ಆಷ್ಟನ್ ಎಂಬ ವೈದ್ಯೆ 1982ರಿಂದ 1994ರವರೆಗೆ ಈ ಮಾತ್ರೆಗಳನ್ನು ಬಿಡಿಸಲೆಂದೇ ಕ್ಲಿನಿಕ್ ನಡೆಸಿದರು. ಭಾರತದಲ್ಲೂ 2014ರ ಮಾರ್ಚ್ 1ರಿಂದ ಆಲ್‌ಪ್ರಜೋಲಮ್, ಡಯಜೆಪಮ್ ಮತ್ತು ನಿದ್ದೆ ಮಾತ್ರೆ ಜೋಲ್ಪಿಡೆಮ್ ಔಷಧ ನಿಯಮಗಳ ಎಚ್1 ಪಟ್ಟಿಯಲ್ಲಿವೆ. ಬರೆದುಕೊಟ್ಟ ವೈದ್ಯರು ಯಾರು, ಕೊಂಡವರು ಯಾರು, ಎಷ್ಟು ಕೊಟ್ಟದ್ದು ಎಂಬುದನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಮಡಿಕೆಯಲ್ಲಿ ಹರಿದ ಹಳೇ ಚೀಟಿ ತೋರಿಸಿ, ಮುಖಪರಿಚಯದ ಮೇಲೆ ಸ್ಟ್ರಿಪ್ ಒಯ್ಯುವ ರೂಢಿಗೆ ಈ ಕಾನೂನಿನಲ್ಲಿ ಜಾಗವಿಲ್ಲ.

ಆದರೂ ಯಾವ ಪುಸ್ತಕವೂ ಕೇಳದ ಪ್ರಶ್ನೆಯೊಂದಿದೆ: ನಿದ್ದೆ ಯಾಕೆ ಬರುತ್ತಿಲ್ಲ? ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುವ ಗಾದೆ ಬೆರಳು ತೋರಿಸಿದ್ದು ಚಿಂತೆಯ ಕಡೆಗೆ. ಬೆಂಗಳೂರಿನ ವೈದ್ಯ, ‘ಕೊರವಂಜಿ’ ಪತ್ರಿಕೆಯ ಸಂಪಾದಕರಾಗಿದ್ದ ಎಂ. ಶಿವರಾಂ ಮನಸ್ಸಿನ ಕಾಯಿಲೆಗಳ ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನಸ್ಸಿನ ಮಾತನ್ನು ಕನ್ನಡದಲ್ಲಿ ಆಡಲು ಬರುವುದಿಲ್ಲ ಎನ್ನುವಂತಿಲ್ಲ. ಆಡಲು ಸಂಕೋಚ, ಅಷ್ಟೆ. ‘ಆತಂಕ’ ಎಂದರೆ ಹುಚ್ಚೆಂದು ತಿಳಿದಾರು ಎಂಬ ಅಂಜಿಕೆ; ‘ನಿದ್ದೆ ಇಲ್ಲ’ ಎನ್ನುವುದು ಮರ್ಯಾದೆಯ ಮಾತು. ಕೇಳಿಸಿಕೊಂಡ ವೈದ್ಯರು ನಿದ್ದೆಗೇ ಔಷಧಿ ಬರೆಯುತ್ತಾರೆ, ಆತಂಕ ಹಾಗೇ ಉಳಿಯುತ್ತದೆ.

ಈ ಮಾತ್ರೆಗಳಿಗೆ ಅವುಗಳದೇ ಕಾಲವಿದೆ. ಸಾವಿನ ಮನೆಯಲ್ಲಿ, ತೀವ್ರ ಗಾಬರಿಯಲ್ಲಿ, ಎರಡು ಮೂರು ವಾರದ ಮಟ್ಟಿಗೆ ಅವು ಉಪಕಾರಿ. ವರ್ಷಗಟ್ಟಲೆ ನುಂಗಿದರೆ ಮರೆವು, ಜೋಲಿ, ನಡುರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿಯುವ ಅಪಾಯ. ಕ್ಲೊನಜೆಪಮ್ಮಿನ ಅರ್ಧಾಂಶ ಮೈಯಿಂದ ಇಳಿಯಲು ಮೂವತ್ತು ನಲವತ್ತು ಗಂಟೆ ಬೇಕು. ರಾತ್ರಿಯ ಮಾತ್ರೆ ಮರುದಿನ ಕೃಷ್ಣರಾವ್ ಪಾರ್ಕಿನ ವಾಕಿಂಗಿಗೂ ಜೊತೆ ಬರುತ್ತದೆ.

ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದದ್ದು ಮನೋಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಸ್ಪಷ್ಟವಾಗಿ ಹೇಳಿತು. ದಿನವೂ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಎದ್ದು ಕೂರುವುದು, ಮಧ್ಯಾಹ್ನದ ನಿದ್ದೆ ಕಡಿಮೆ ಮಾಡುವುದು, ‘ಇವತ್ತೂ ನಿದ್ದೆ ಬರಲ್ಲ’ ಎಂಬ ಹೆದರಿಕೆಯನ್ನೇ ಎದುರು ಕೂರಿಸಿಕೊಂಡು ಮಾತಾಡಿಸುವುದು ಅದರ ಕ್ರಮ. ಸಂಜೆ ಐದರ ಫಿಲ್ಟರ್ ಕಾಫಿಯ ಅರ್ಧ ಕೆಫೀನು ರಾತ್ರಿ ಹತ್ತಕ್ಕೂ ರಕ್ತದಲ್ಲಿ ಉಳಿದಿರಬಹುದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇದನ್ನೋದಿ ಯಾರೂ ಇಂದು ರಾತ್ರಿಯೇ ಮಾತ್ರೆ ಬಿಸಾಡಬೇಡಿ. ವರ್ಷಗಳ ಅಭ್ಯಾಸವನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ವೈದ್ಯರ ಕಣ್ಣೆದುರೇ, ವಾರ ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ನಿಮ್ಹಾನ್ಸ್ ಲಾಲ್‌ಬಾಗಿನಿಂದ ದೂರವೇನಲ್ಲ. ಅಲ್ಲಿಗೂ ಹೋಗಲಾಗದವರು 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು. ಕಾಸು ಕೇಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಮೂರು ಗಂಟೆಗೂ ತೆರೆದಿರುತ್ತದೆ.