ನಗು ಯಾರ ಮೇಲೆ?

ಗಂಡಸು ಸೀರೆ ಉಟ್ಟು ಸೊಂಟ ಕುಣಿಸಿದರೆ ಸಾಕು, ಹಾಸ್ಯನಾಟಕವಂತೆ! ನೋಡಿ ನಾವೂ ನಗಬೇಕಂತೆ. ನಾನಂತೂ ಒಪ್ಪುವುದಿಲ್ಲ.

ಕ್ರಿ.ಪೂ. 411ರಲ್ಲಿ ಅಥೆನ್ಸಿನಲ್ಲಿ ಆಡಿದ ಅರಿಸ್ಟೊಫನೀಸನ 'ಲೈಸಿಸ್ಟ್ರಾಟಾ'ದಲ್ಲೂ ಹೆಣ್ಣುಪಾತ್ರ ಮಾಡಿದವರು ಗಂಡಸರೇ. ಆದರೆ ಆ ಪಾತ್ರಗಳು ಗಂಡಂದಿರನ್ನು ಹಾಸಿಗೆಯಿಂದ ದೂರವಿಟ್ಟು, ಖಜಾನೆ ಹಿಡಿದುಕೊಂಡು ಕೂತು, ಯುದ್ಧವನ್ನೇ ನಿಲ್ಲಿಸಿದವು. ಪೆಟ್ಟು ಬಿದ್ದದ್ದು ಆಳುವವರ ಹುಚ್ಚಿಗೆ. 1672ರಲ್ಲಿ ಪ್ಯಾರಿಸಿನ ಮೋಲಿಯೇರ್ ಪಾಂಡಿತ್ಯ ಮೆರೆಸುವ ಹೆಂಗಸರನ್ನು ಗೇಲಿ ಮಾಡಿದ. ಜೊತೆಗೆ ಅವರು ಹೊತ್ತು ಮೆರೆಸಿದ ಪೊಳ್ಳು ಕವಿಯನ್ನೂ ಬಿಡಲಿಲ್ಲ. ನಮ್ಮ ಕೈಲಾಸಂ 'ಬಂಡ್ವಾಳ್ವಿಲ್ಲದ ಬಡಾಯಿ'ಯಲ್ಲಿ ಲಾಯರ್ ಅಹೋಬ್ಲುವಿನ ಜಂಬ ಇಳಿಸಿದರು.

ಇಷ್ಟು ದೂರ ನಡೆದು ಬಂದ ಹಾಸ್ಯ ದಪ್ಪ ಹೆಂಡತಿ, ಗಯ್ಯಾಳಿ ಅತ್ತೆಯ ಮುಂದೆ ಬಂದು ಕುಕ್ಕರಿಸಬೇಕೆ? ಉಳ್ಳವರ ಸೊಕ್ಕು, ಗಂಡಸರ ಬಡಾಯಿ ಊರಲ್ಲಿ ಮುಗಿದುಹೋಯಿತೆ?

ಟಿಕೆಟ್ಟಿಗೆ ನಾವೂ ದುಡ್ಡು ಕೊಟ್ಟಿದ್ದೇವಮ್ಮ. ನಗು ಬಾರದ ಕಡೆ ಮುಲಾಜಿಲ್ಲದೆ ಮುಖ ಬಿಗಿದು ಕೂರೋಣ.